ಕೂಗಿದ ಮಾತ್ರಕ್ಕೆ ಹುಂಜ ಬಲಿತಿಲ್ಲ: 26 ವಾರದ ಲೆಕ್ಕ

ಹೋದ ವರ್ಷ 15 ಮೊಟ್ಟೆ ಕಾವಿಗೆ ಕೂರಿಸಿ 21 ದಿನ ಕಾದೆ. ಮರಿಯಾಗಿದ್ದು ಮೂರೇ. ಉಳಿದ 12 ಒಡೆದು ನೋಡಿದರೆ ಬರೀ ಗೊಡ್ಡು, ಒಂದು ನರವೂ ಓಡಿರಲಿಲ್ಲ. ಹೇಂಟೆಗಳದ್ದೇ ದೋಷ ಅಂದುಕೊಂಡಿದ್ದೆ. ಆಮೇಲೆ ಲೆಕ್ಕ ಹಾಕಿದರೆ ಹುಂಜಕ್ಕೆ ಆಗ 17 ವಾರ. ಜುಟ್ಟು ಕೆಂಪಗಿತ್ತು, ಬೆಳಗಿನ ಜಾವ ಕೂಗುತ್ತಿತ್ತು, ಅಷ್ಟು ನೋಡಿಯೇ ಹೇಂಟೆಗಳ ಜೊತೆ ಬಿಟ್ಟಿದ್ದೆ. ಈ ಸಲ ಶಿಡ್ಲಘಟ್ಟದ ಹತ್ತಿರದ ನಮ್ಮ ತೋಟದಲ್ಲಿ ಜುಲೈ ಮೊದಲ ವಾರ ಹುಟ್ಟಿದ ನಾಟಿ ಹುಂಜದ ಮರಿಗಳನ್ನು ಮೊದಲಿಂದ ಗಮನಿಸುತ್ತಾ ಬಂದಿದ್ದೇನೆ.

6ನೇ ವಾರ. ನಾಯಿ ಕಚ್ಚಿ ಒಂದು ಮರಿ ಸತ್ತಿತು. ತುಂಬಾ ಬೇಜಾರಾಯಿತು, ಆದರೂ ಕೊಯ್ದು ನೋಡಿದೆ. ಹುಂಜದ ಬೀಜ (ವೃಷಣ) ಹೊಟ್ಟೆಯೊಳಗೆ ಬೆನ್ನಿಗೆ ಅಂಟಿಕೊಂಡು, ಮೂತ್ರಪಿಂಡದ ತುದಿಯಲ್ಲಿ ಇರುತ್ತದೆ. ಕರುಳು ಸರಿಸಿದರೆ ಎರಡು ಅಕ್ಕಿಕಾಳಿನಷ್ಟು, ತೆಳು ಹಳದಿ. ಏನೂ ನಡೆದಿಲ್ಲ ಅನ್ನಿಸುತ್ತದೆ, ಅಲ್ವಾ? ಆದರೆ ವೀರ್ಯಾಣುಗಳನ್ನು ಸಾಕುವ ಸರ್ಟೋಲಿ ಕೋಶಗಳು ಹೆಚ್ಚುವುದು ಮೊದಲ ಎಂಟು ವಾರದ ಆಸುಪಾಸಿನಲ್ಲೇ. ಆಮೇಲೆ ಅವು ಹೆಚ್ಚುವುದಿಲ್ಲ. ಒಂದೊಂದು ಕೋಶ ಇಂತಿಷ್ಟೇ ವೀರ್ಯಾಣು ಸಾಕಬಲ್ಲದು. ಹಾಗಾಗಿ ಈ ಸಲ ಸುಮ್ನೆ ರಾಗಿ ಎರಚಿ ಬಿಡದೆ, ಮರಿ ಫೀಡ್ ಜೊತೆಗೆ ರೀಲಿಂಗ್ ಮಾಡುವವರ (ಗೂಡಿಂದ ರೇಷ್ಮೆ ನೂಲು ತೆಗೆಯುವವರ) ಹತ್ತಿರ ತಂದ ರೇಷ್ಮೆ ಹುಳು ಒಣಗಿಸಿ, ಪುಡಿ ಮಾಡಿ ಬೆರೆಸಿದೆ.

12ನೇ ವಾರ. ಪಿತೃಪಕ್ಷಕ್ಕೆ ಒಂದನ್ನು ಕೊಯ್ದೆವು. ಬೀಜ ತೊಗರಿಕಾಳಿಗಿಂತ ಸ್ವಲ್ಪ ಉದ್ದ. ಅಡ್ಡ ಕತ್ತರಿಸಿ, ಕತ್ತರಿಸಿದ ಮುಖವನ್ನು ಗಾಜಿಗೆ ಒತ್ತಿ, ಮೆಥಿಲೀನ್ ಬ್ಲೂ ಅನ್ನುವ ನೀಲಿ ಬಣ್ಣ ಹಾಕಿ, ಸ್ನೇಹಿತನ ಮೈಕ್ರೋಸ್ಕೋಪ್‌ನಲ್ಲಿ 400 ಪಟ್ಟು ದೊಡ್ಡದು ಮಾಡಿ ನೋಡಿದೆ. ಬರೀ ದುಂಡು ಕೋಶ, ಬಾಲ ಇರುವುದು ಒಂದೂ ಇಲ್ಲ. ಈ ದುಂಡು ಕೋಶ ಮೊದಲು ತನ್ನಂಥದ್ದನ್ನೇ ಹೆಚ್ಚಿಸುತ್ತದೆ, ಆಮೇಲೆ ಎರಡು ಸಲ ಒಡೆದು ನಾಲ್ಕಾಗುತ್ತದೆ, 78 ಕ್ರೋಮೋಸೋಮ್ 39ಕ್ಕೆ ಇಳಿಯುತ್ತದೆ, ಕೊನೆಗೆ ಉದ್ದಕ್ಕೆ ಎಳೆದುಕೊಂಡು ಬಾಲ ಬಿಡುತ್ತದೆ. ಬಲಿತ ಹುಂಜದಲ್ಲಿ ಇದಕ್ಕೆಲ್ಲ ಸುಮಾರು ಎರಡೇ ವಾರ ಸಾಕು, ಹೋರಿಗೆ ಎರಡು ತಿಂಗಳು ಬೇಕು. ಅದೂ 41 ಡಿಗ್ರಿ ಮೈಬಿಸಿಯಲ್ಲಿ! ಟಗರು, ಹೋರಿಗಳ ಬೀಜ ತಂಪಿಗೆ ಅಂತ ಹೊರಗೆ ತೂಗುತ್ತದೆ, ಹುಂಜಕ್ಕೆ ಅದರ ಅಗತ್ಯವೇ ಇಲ್ಲ. ನನಗೆ ಇದು ಈಗಲೂ ಸೋಜಿಗ.

16ನೇ ವಾರ. ಮೂರು ಹುಂಜ ಕೂಗಲು ಶುರು ಮಾಡಿದವು. ಹೇಂಟೆಗಳ ಹತ್ತಿರ ಬಿಡಲಿಲ್ಲ.

18ನೇ ವಾರ. ಚಳಿಗಾಲಕ್ಕೆ ನಮ್ಮಲ್ಲಿ ಹಗಲು 11.5 ಗಂಟೆಗೂ ಕಮ್ಮಿಯಾಗುತ್ತದೆ. ಬೆಳಕು ತಲೆಬುರುಡೆ ದಾಟಿ ಹಕ್ಕಿಯ ಮಿದುಳನ್ನೇ ಮುಟ್ಟುತ್ತದೆ, ಅಲ್ಲಿಂದ ಹಾರ್ಮೋನು ಹೊರಟು ಬೀಜ ಬೆಳೆಸುತ್ತದೆ. ಗೂಡಿಗೆ ಒಂದು ಎಲ್‌ಇಡಿ ಬಲ್ಬ್ ಹಾಕಿ ಒಟ್ಟು 14 ಗಂಟೆ ಬೆಳಕು ಮಾಡಿದೆ.

22ನೇ ವಾರ. ಅವರೆಕಾಯಿ ಕಾಲ. ಬರೋಸ್ ಮತ್ತು ಕ್ವಿನ್ ಅನ್ನುವವರು 1930ರ ದಶಕದಲ್ಲಿ ತೋರಿಸಿಕೊಟ್ಟ, ಬೆನ್ನು ಸವರಿ ವೀರ್ಯ ತೆಗೆಯುವ ವಿಧಾನ ಹಿಡಿದೆ. ನನ್ನ ಹೆಂಡತಿ ಹುಂಜ ಹಿಡಿದುಕೊಂಡಳು, ನಾನು ಬೆನ್ನಿಂದ ಬಾಲದ ಕಡೆಗೆ ನಾಲ್ಕೈದು ಸಲ ಸವರಿ, ಬಾಲದ ಬುಡದ ಎರಡೂ ಬದಿ ಮೆಲ್ಲಗೆ ಒತ್ತಿದೆ. ಎಲ್ಲಕ್ಕಿಂತ ದೊಡ್ಡ ಜುಟ್ಟಿನ, ಮೊದಲು ಕೂಗಿದ ಹುಂಜದಿಂದ ಬಂದಿದ್ದು ನೀರಿನಂಥ ಹನಿ, ಅದರಲ್ಲಿ ವೀರ್ಯಾಣುವೇ ಇಲ್ಲ. ಮೂಲೆಯಲ್ಲಿ ತೆಪ್ಪಗೆ ಇರುತ್ತಿದ್ದ ಕಂದು ಹುಂಜದಿಂದ ಗಟ್ಟಿ ಹಾಲಿನಂಥ ಬಿಳಿ ಹನಿ ಬಂತು. ಗಾಜಿನ ಮೇಲೆ ಅದು ರಾಗಿ ಪೈರಿನ ಮೇಲೆ ಗಾಳಿ ಸುಳಿದ ಹಾಗೆ ಅಲೆ ಅಲೆಯಾಗಿ ಹೊರಳುತ್ತಿತ್ತು. ಬೆಚ್ಚಗಿನ ಸಲೈನ್‌ (ಉಪ್ಪುನೀರು) ಹಾಕಿ ತೆಳು ಮಾಡಿದ ಮೇಲೆ ಒಂದೊಂದೇ ಕಂಡವು: ನೂಲಿನಷ್ಟು ಸಣ್ಣ, ತಲೆ ಸ್ವಲ್ಪ ಬಾಗಿದೆ, ಗೊದಮೊಟ್ಟೆ ತರಹ ಅಲ್ಲವೇ ಅಲ್ಲ. ಇಂಥ ಒಂದು ಮಿಲಿಯಲ್ಲಿ 300 ಕೋಟಿಗೂ ಜಾಸ್ತಿ ಇರುತ್ತವೆ. ನಾನು ಹತ್ತು ನಿಮಿಷ ಕಣ್ಣು ತೆಗೆಯಲಿಲ್ಲ.

26ನೇ ವಾರ, ಜನವರಿ. ಹೇಂಟೆ ಒಂದು ಸಲದ ವೀರ್ಯವನ್ನು ಎರಡು ಮೂರು ವಾರ ಒಳಗೇ ಇಟ್ಟುಕೊಂಡಿರುತ್ತದೆ. ಅದಕ್ಕೇ ಹಳೇ ಹುಂಜವನ್ನು ಒಂದು ತಿಂಗಳು ಮುಂಚೆಯೇ ಬೇರೆ ಮಾಡಿದ್ದೆ. ಕಂದು ಹುಂಜ ಬಿಟ್ಟು ಹತ್ತು ದಿನದ ಮೇಲಿನ 16 ಮೊಟ್ಟೆ ಆರಿಸಿ ಕಾವಿಗಿಟ್ಟೆ. ಏಳನೇ ರಾತ್ರಿ ಟಾರ್ಚ್ ಹಿಡಿದು ನೋಡಿದರೆ 14ರಲ್ಲಿ ಕೆಂಪು ನರ ಜೇಡರ ಬಲೆಯಂತೆ ಹರಡಿತ್ತು. ದೊಡ್ಡ ಜುಟ್ಟಿನದ್ದನ್ನು ಮುಂದಿನ ವಾರ ಇನ್ನೊಂದು ಸಲ ಪರೀಕ್ಷೆ ಮಾಡುತ್ತೇನೆ.