ಮುಯ್ಯಾಳಿನ ಲೆಕ್ಕ

ಅಕ್ಕನ ಮಗನಿಗೆ ಶಾಲೆಯಲ್ಲಿ ‘ಟೀಮ್‌ವರ್ಕ್’ಗೆ ಕನ್ನಡ ಪದ ಬರೆದುಕೊಂಡು ಬಾ ಅಂದಿದ್ದರಂತೆ. ನಾನು ‘ಸಹಕಾರ’ ಅಂದೆ. ಒಳಗೆ ರೊಟ್ಟಿ ತಟ್ಟುತ್ತಿದ್ದ ಅವ್ವ ಅಲ್ಲಿಂದಲೇ, ‘ಮುಯ್ಯಾಳು ಅಂತ ಬರಿ ಮಗ’ ಅಂದಳು. ಅವನು ಬರೆಯಲಿಲ್ಲ. ಅಂಥ ಪದ ಪಾಠದಲ್ಲಿ ಇಲ್ಲವಂತೆ.

ಸಹಕಾರ ಒಳ್ಳೆಯ ಪದವೇ. ಸಂಸ್ಕೃತದಲ್ಲಿ ಅದಕ್ಕೆ ಮಾವಿನ ಮರ ಅನ್ನೋ ಅರ್ಥವೂ ಇದೆ. 1905ರಲ್ಲಿ ಗದಗದ ಹತ್ತಿರದ ಕಣಗಿನಹಾಳದಲ್ಲಿ ಸಹಕಾರ ಸಂಘ ಶುರುವಾದ ಮೇಲೆ ಊರೂರಿಗೂ ಬಂತು. ಆದರೆ ಕೊಡಗಿನ ನಮ್ಮ ಸೋಮವಾರಪೇಟೆ ಕಡೆ ಸಹಕಾರ ಅಂದರೆ ಸೊಸೈಟಿ, ಸೊಸೈಟಿ ಅಂದರೆ ಗೊಬ್ಬರ, ಸಾಲ, ಅಷ್ಟೇ.

ಮುಯ್ಯಾಳು ಬೇರೆ. ಮುಯ್ಯಿ ಅಂದರೆ ತಿರುಗಿ ಕೊಡಬೇಕಾದ್ದು. ಮದುವೆಯಲ್ಲಿ ಉಡುಗೊರೆ ಓದಿಸುವುದೂ ಮುಯ್ಯಿ, ಹಗೆ ತೀರಿಸಿಕೊಳ್ಳುವುದಕ್ಕೂ ಮುಯ್ಯಿ ತೀರಿಸುವುದು ಅಂತಲೇ ಹೇಳುತ್ತೇವೆ. ಇವತ್ತು ನಿಮ್ಮ ಗದ್ದೆಗೆ ನಮ್ಮ ಮನೆಯಿಂದ ಇಬ್ಬರು ಬಂದರೆ ನಾಳೆ ನಮ್ಮ ಗದ್ದೆಗೆ ನಿಮ್ಮಿಂದ ಇಬ್ಬರು ಬರಬೇಕು, ದುಡ್ಡಿನ ಮಾತಿಲ್ಲ, ಊಟ ಕೆಲಸದ ಮನೆಯದು. ನಮ್ಮ ಮನೆಯಲ್ಲಿ ಎತ್ತು, ನೇಗಿಲು ತಂದವನಿಗೆ ಎರಡು ಆಳಿನ ಲೆಕ್ಕ ಹಿಡಿಯುತ್ತಿದ್ದರು. ಯಾರೂ ಬರೆದಿಡುತ್ತಿರಲಿಲ್ಲ, ಯಾರೂ ಮರೆಯುತ್ತಲೂ ಇರಲಿಲ್ಲ. ಇದನ್ನು ಉಪಕಾರ ಅಂದರೆ ಅವ್ವನಿಗೆ ಸಿಟ್ಟು ಬರುತ್ತದೆ.

ಇದು ನಡೆಯುತ್ತಿದ್ದುದು ಭತ್ತದ ಗದ್ದೆ ಇದ್ದದ್ದಕ್ಕೆ. ಅಗೆ, ಅಂದರೆ ಭತ್ತದ ಸಸಿ, ಹಾಕಿ ತಿಂಗಳೊಳಗೆ ಕಿತ್ತು ನೆಡಬೇಕು, ಬಲಿತರೆ ಇಳುವರಿ ಹೋಯಿತು. ಅದಕ್ಕೇ ಒಂದೊಂದು ಮನೆಯವರು ನಾಲ್ಕೈದು ದಿನ ಹಿಂದೆ ಮುಂದೆ ಬಿತ್ತುತ್ತಿದ್ದರು. ಜುಲೈ ಮಳೆಯಲ್ಲಿ ಕೊಪ್ಪೆ ಹಾಕಿಕೊಂಡು ಇವತ್ತು ಇವರ ಗದ್ದೆ, ನಾಡಿದ್ದು ಅವರ ಗದ್ದೆ. ಕಾಫಿಗೆ ಈ ಆಟ ಹೊಂದುವುದಿಲ್ಲ. ಹಣ್ಣು ಎಲ್ಲರ ತೋಟದಲ್ಲೂ ಒಟ್ಟಿಗೇ ಕೆಂಪಾಗುತ್ತದೆ, ನಮ್ಮದು ಬಿಟ್ಟು ನಿಮ್ಮದು ಕೊಯ್ಯೋದು ಹೇಗೆ? ಹಾಗಾಗಿ ಕಿಲೋ ಲೆಕ್ಕದಲ್ಲಿ ಕೊಯ್ಯುವವರು ಬಂದರು, ಈಗ ಅಸ್ಸಾಮಿನಿಂದಲೂ ಬರುತ್ತಾರೆ. ಗದ್ದೆಗಳೂ ಜಾಸ್ತಿ ಪಾಳು ಬಿದ್ದಿವೆ. ‘ಜನರಿಗೆ ಈಗ ಒಗ್ಗಟ್ಟಿಲ್ಲ’ ಅಂತ ಸುಮ್ನೆ ಬೈಯುವವರನ್ನು ಕಂಡರೆ ನನಗೆ ಆಗೋದಿಲ್ಲ. ಕೆಲಸವೇ ಬದಲಾಯಿತಲ್ವಾ?

2018ರ ಆಗಸ್ಟ್ ಮಳೆಗೆ ನಮ್ಮ ಹಿತ್ತಲ ಗುಡ್ಡದ ಬರೆ ಕುಸಿದು ಕೊಟ್ಟಿಗೆ ತನಕ ಮಣ್ಣು ಬಂದಿತ್ತು. ಕೆಳಮನೆ ಅಣ್ಣ ಹಾರೆ, ಬಾಂಡ್ಲಿ ಹಿಡಿದು ಮೂರು ದಿನ ಬಂದರು. ಅವರಿಗೆ ಈಗ ಗದ್ದೆಯಿಲ್ಲ, ಮುಯ್ಯಿ ತೀರಿಸೋಣ ಅಂದರೆ ಕೆಲಸವೇ ಇಲ್ಲ. ಅವ್ವ ವರ್ಷಗಟ್ಟಲೆ ಅದನ್ನೇ ಹೇಳುತ್ತಿದ್ದಳು. ಹೋದ ವರ್ಷ ಅವರ ಮಗಳ ಮದುವೆ ಬಂತು. ಅವ್ವ ಮೂರು ದಿನ ಮೊದಲೇ ಹೋಗಿ ಅಕ್ಕಿ ಆರಿಸಿದಳು, ಈರುಳ್ಳಿ ಹೆಚ್ಚಿದಳು, ತೆಂಗಿನಕಾಯಿ ತುರಿದಳು. ಮುಯ್ಯಿ ತೀರಿತಾ ಅಂತ ಕೇಳಿದೆ.

‘ಎಲ್ಲಿ ತೀರ್ತು? ಕೊನೇ ದಿನ ತಲೆನೋವು ಅಂತ ನಾನು ಮಧ್ಯಾಹ್ನವೇ ಬಂದ್ನಲ್ಲ. ಅರ್ಧ ಆಳು ಬಾಕಿ ಇದೆ.’