ಎದೆಮಟ್ಟ ನೀರಿನಾಚೆಯ ನರಸಿಂಹ

ಬೀದರಿನ ಝರಣಿ ನರಸಿಂಹನ ಗವಿಯಲ್ಲಿ ಸ್ವಾಮಿಯ ಮುಂದೆ ನಿಲ್ಲಲು ಸಿಗುವುದು ಅರೆಗಳಿಗೆ. ಹೋಗುವುದು, ಕಾಯುವುದು, ಬರುವುದು ಎಲ್ಲವೂ ನೀರಿನಲ್ಲೇ. ಊರಂಚಿನ ಮಂಗಲಪೇಟೆಯ ಕಡೆ ಗುಡ್ಡದ ಹೊಟ್ಟೆಯೊಳಗೆ ನುಗ್ಗಿದ ಸುರಂಗ ಅದು. ಉದ್ದ ಸುಮಾರು 300 ಮೀಟರ್ ಎನ್ನುವುದು ರೂಢಿಯ ಲೆಕ್ಕ. ನೀರಿನ ಆಳ ಒಳ್ಳೆಯ ಮಳೆಯಾದ ವರ್ಷ ನಾಲ್ಕರಿಂದ ಐದು ಅಡಿ. ಕೊನೆಯಲ್ಲಿ ಕೆಂಪು ಕಲ್ಲಿನ ಗೋಡೆಯ ಮೇಲೆ ಸ್ವಯಂಭೂ ನರಸಿಂಹ, ಜೊತೆಗೇ ಒಂದು ಶಿವಲಿಂಗ. ಮಕ್ಕಳು ಮರಿ ಕಟ್ಟಿಕೊಂಡು ಮನೆಮಂದಿಯೆಲ್ಲ ಹೊರಡುವ ಕ್ಷೇತ್ರ ಇದಾದ್ದರಿಂದ ಮಹಿಮೆಯ ಜೊತೆಗೆ ವ್ಯವಹಾರದ ಮಾತನ್ನೂ ಆಡಲೇಬೇಕು.

ಮೊದಲು ಸ್ಥಳಪುರಾಣ. ಹಿರಣ್ಯಕಶಿಪುವಿನ ವಧೆಯ ಬಳಿಕ ನರಸಿಂಹ ಝರಾಸುರನೆಂಬ ರಾಕ್ಷಸನನ್ನೂ ಸಂಹರಿಸಿದ. ಜಲಾಸುರ ಎಂದೂ ಅವನನ್ನು ಕರೆಯುತ್ತಾರೆ. ಅವನು ಗಟ್ಟಿ ಶಿವಭಕ್ತ. ಗವಿಯಲ್ಲಿರುವ ಲಿಂಗ ಅವನು ಪೂಜಿಸುತ್ತಿದ್ದದ್ದೇ. ಪ್ರಾಣ ಬಿಡುವ ಹೊತ್ತಿಗೆ ಅವನು ಬೇಡಿದ್ದು ಇಷ್ಟು: ನೀನು ಇಲ್ಲೇ ನೆಲೆಸಬೇಕು, ಬಂದವರ ಇಷ್ಟಾರ್ಥ ಸಲ್ಲಿಸಬೇಕು. ಸ್ವಾಮಿ ಒಪ್ಪಿದ. ಅಸುರ ನೀರಾಗಿ ಕರಗಿ ಅವನ ಪಾದದಿಂದ ಹರಿಯತೊಡಗಿದ. ಹಾಗಿದ್ದ ಮೇಲೆ ಗವಿಯ ಬಾಯಲ್ಲಿ ನೀರಿಗಿಳಿದ ಕ್ಷಣದಿಂದಲೇ ದರ್ಶನ ಶುರುವಾಯಿತು. ಮೈಗೆ ತಾಗುತ್ತಿರುವುದು ದೇವರ ಕೈಯಲ್ಲಿ ಸತ್ತು ದೇವರನ್ನೇ ಊರಿಗೆ ಉಳಿಸಿಕೊಟ್ಟ ಭಕ್ತ. ಈ ಒಂದು ಮಾತು ಮನಸ್ಸಿನಲ್ಲಿದ್ದರೆ ಒಳಗೆ ಏನು ಮಾಡಬೇಕು, ಏನು ಮಾಡಬಾರದು ಎನ್ನುವುದು ಮುಕ್ಕಾಲು ಪಾಲು ತಾನಾಗಿಯೇ ತಿಳಿಯುತ್ತದೆ.

ನೀರು ಎಲ್ಲಿಂದ ಬರುತ್ತದೆ ಎಂದು ಮಕ್ಕಳು ಕೇಳಿಯೇ ಕೇಳುತ್ತಾರೆ. ಪುರಾಣ ಹೇಳಿ ಸುಮ್ಮನಾಗಬೇಕಿಲ್ಲ. ಬೀದರ್ ಪಟ್ಟಣ ಕೂತಿರುವುದು ಜಂಬಿಟ್ಟಿಗೆ ಕಲ್ಲಿನ ಎತ್ತರದ ಹಾಸಿನ ಮೇಲೆ. ಲ್ಯಾಟರೈಟ್ ಎನ್ನುವುದು ಇದನ್ನೇ. ಮೈತುಂಬ ತೂತಿನ ಈ ಕಲ್ಲು ಮಳೆನೀರನ್ನು ಹೀರಿ ಕೆಳಗಿಳಿಸುತ್ತದೆ. ಅದರಡಿ ಇರುವುದು ಗಟ್ಟಿ ಕರಿಕಲ್ಲು, ಅಂದರೆ ಬಸಾಲ್ಟ್. ನಡುವೆ ಜೇಡಿಯ ಪದರ. ಇಳಿದ ನೀರಿಗೆ ಅದರ ಕೆಳಗೆ ದಾರಿ ಇಲ್ಲ. ಅಡ್ಡಕ್ಕೆ ಹರಿದು ಗುಡ್ಡದ ಪಕ್ಕೆಯಲ್ಲಿ ಸಂದು ಸಿಕ್ಕಿದಲ್ಲಿ ಹೊರಬೀಳುತ್ತದೆ. ಇದೇ ಊರಿನ ಪಾಪನಾಶ ಶಿವಾಲಯದ ಕೊಳ, ಗುರುನಾನಕ್ ಝೀರಾದ ಅಮೃತಕುಂಡ ಎರಡೂ ಇಂಥ ಬುಗ್ಗೆಗಳೇ. 1420ರ ದಶಕದಲ್ಲಿ ಬಹಮನಿ ಸುಲ್ತಾನ ಅಹ್ಮದ್ ಶಾ ರಾಜಧಾನಿಯನ್ನು ಕಲಬುರಗಿಯಿಂದ ಇಲ್ಲಿಗೆ ತಂದ ಮೇಲೆ ಪರ್ಷಿಯಾದ ಮಾದರಿಯ ಕರೇಜ್‌ಗಳನ್ನು, ಜನರ ಬಾಯಲ್ಲಿ ಸುರಂಗ ಬಾವಿಗಳನ್ನು, ಕೊರೆದದ್ದೂ ಈ ಕಲ್ಲಿನ ಗುಣ ನೋಡಿಯೇ. ಕರೇಜ್‌ಗೆ ಮೇಲಿನಿಂದ ಉದ್ದಕ್ಕೂ ಗಾಳಿಬಾವಿಗಳಿರುತ್ತವೆ. ನರಸಿಂಹನ ಗವಿ ಆ ಬಗೆಯದಲ್ಲ. ಒಳಗಿನ ಗಾಳಿ ಸುಲಭವಾಗಿ ಬದಲಾಗುವುದಿಲ್ಲ. ದೀಪ ಮತ್ತು ಗಾಳಿಯ ವ್ಯವಸ್ಥೆ ಮಾಡಿರುವುದು ಅದಕ್ಕೇ.

ಮಳೆ ಕೈಕೊಟ್ಟ ವರ್ಷ, ಬೇಸಿಗೆಯ ಕೊನೆಯಲ್ಲಿ, ನೀರು ಮೊಣಕಾಲಿಗೆ ಇಳಿಯುವುದುಂಟು. ನೀರು ಕೆಟ್ಟಾಗ, ಬತ್ತಿದಾಗ, ಒಳಗೆ ಕೆಲಸ ನಡೆಯುವಾಗ ಗವಿಯ ಪ್ರವೇಶ ನಿಲ್ಲಿಸುತ್ತಾರೆ. ಬೆಂಗಳೂರಿನಿಂದ ಒಂದು ರಾತ್ರಿಯ ಪ್ರಯಾಣ ಮಾಡಿ ಬಂದು ಮುಚ್ಚಿದ ಬಾಗಿಲು ನೋಡುವುದಕ್ಕಿಂತ ಹೊರಡುವ ಹಿಂದಿನ ದಿನ ಬೀದರಿನಲ್ಲಿ ಯಾರನ್ನಾದರೂ ವಿಚಾರಿಸುವುದು ಲೇಸು. ಹೈದರಾಬಾದಿನಿಂದ ಸುಮಾರು 140 ಕಿ.ಮೀ., ಕಲಬುರಗಿಯಿಂದ 110 ಕಿ.ಮೀ.; 2017ರಲ್ಲಿ ಕಲಬುರಗಿ–ಬೀದರ್ ರೈಲು ಮಾರ್ಗ ತೆರೆದ ಮೇಲೆ ದಕ್ಷಿಣದವರಿಗೆ ದಾರಿ ಹಗುರವಾಗಿದೆ. ತೆಲಂಗಾಣ, ಮಹಾರಾಷ್ಟ್ರದ ಭಕ್ತರು ಶನಿವಾರ, ಭಾನುವಾರ ಕಿಕ್ಕಿರಿಯುತ್ತಾರೆ. ಆಗ ಸಾಲಿನಲ್ಲಿ ಗಂಟೆಗಟ್ಟಲೆ ನಿಂತು ದಣಿದ ಮೇಲೆ ನೀರಿಗಿಳಿಯಬೇಕಾಗುತ್ತದೆ. ಮಕ್ಕಳಿದ್ದರೆ ವಾರದ ನಡುವಿನ ಒಂದು ಬೆಳಿಗ್ಗೆಯೇ ಸರಿ. ರಜೆ ಹಾಕಿದರೆ ಸ್ವಾಮಿ ಬೇಸರ ಮಾಡಿಕೊಳ್ಳುವುದಿಲ್ಲ, ಮಾಡಿಕೊಂಡರೆ ಶಾಲೆಯವರು ಮಾಡಿಕೊಂಡಾರು.

ಇನ್ನು ಉಡುಪಿನ ಮಾತು. ಎದೆಮಟ್ಟದ ನೀರಿನಲ್ಲಿ ಬಟ್ಟೆಯ ನಡವಳಿಕೆಯೇ ಬೇರೆ. ಸುಮ್ಮನೆ ಸುತ್ತಿದ ಪಂಚೆ ಕೊಡೆಯ ಹಾಗೆ ಅರಳಿ ಮೇಲೇಳುತ್ತದೆ, ಮರುಗಳಿಗೆಯೇ ಕಾಲಿಗೆ ಸುತ್ತಿಕೊಳ್ಳುತ್ತದೆ. ಪಂಚೆಯೇ ಬೇಕೆಂದರೆ ಕಚ್ಚೆ ಹಾಕಿ ಬಿಗಿಯಾಗಿ ಉಡಬೇಕು. ಇಲ್ಲವಾದರೆ ಅರ್ಧ ಚಡ್ಡಿ, ಬನಿಯನ್ ಸಾಕು. ಸೀರೆಯ ನೆರಿಗೆ ನೀರು ಕುಡಿದು ಭಾರವಾಗಿ ಹೆಜ್ಜೆಗೆ ಸಿಕ್ಕುತ್ತದೆ, ಸೆರಗು ತೇಲಿ ಹಿಂದಿನವರ ಕೈಗೆ ಹೋಗುತ್ತದೆ. ಹತ್ತಿಯ ಚೂಡಿದಾರ ಒಳ್ಳೆಯದು. ದುಪಟ್ಟಾವನ್ನು ಸೊಂಟಕ್ಕೆ ಬಿಗಿದು ಗಂಟು ಹಾಕಿ. ಜೀನ್ಸ್ ಬೇಡವೇ ಬೇಡ, ಒದ್ದೆಯಾದರೆ ಸಂಜೆಯವರೆಗೂ ಒಣಗದು. ನೀರಿನಲ್ಲಿ ಬೆರಳು ನೆನೆದು ಜಾರಿಕೆಯಾಗುವುದರಿಂದ ಸಡಿಲ ಉಂಗುರ ಗೊತ್ತಾಗದೆ ಕಳಚಿಕೊಳ್ಳುತ್ತದೆ. ಉಂಗುರ, ಸಡಿಲ ಬಳೆ ತೆಗೆದಿಡಿ. ಮಾಂಗಲ್ಯದ ಸರವನ್ನು ರವಿಕೆಯ ಒಳಗೆ ಪಿನ್ನು ಹಾಕಿ ಭದ್ರ ಮಾಡಿಕೊಳ್ಳಿ. ಕನ್ನಡಕಕ್ಕೆ ದಾರ ಕಟ್ಟಿ. ಮೊಬೈಲಿಗೆ ಹೊರಗೆ ಮಾರುವ ಪ್ಲಾಸ್ಟಿಕ್ ಚೀಲವನ್ನು ನಂಬಬೇಡಿ. ಅದರ ಬಾಯಿ ಒಂದು ನೂಕುನುಗ್ಗಲಿಗೆ ತೆರೆದುಕೊಳ್ಳುತ್ತದೆ. ಫೋಟೊ ತೆಗೆಯಲು ಅದನ್ನು ಎತ್ತಿ ಹಿಡಿದವನ ಒಂದು ಕೈ ಮಗುವಿಗೂ ಇಲ್ಲ, ಮುಗಿಯಲೂ ಇಲ್ಲ. ಮನೆಯವರು ಎರಡು ತಂಡವಾಗಿ, ಒಂದು ತಂಡ ಸಾಮಾನು ಕಾಯುತ್ತ ಹೊರಗಿದ್ದು ಮತ್ತೊಂದು ಒಳಹೋಗುವುದೇ ಎಲ್ಲಕ್ಕಿಂತ ಸುಲಭ. ಒಬ್ಬೊಬ್ಬರಿಗೆ ಒಂದು ಟವೆಲು, ಒಂದು ಜೊತೆ ಒಣಬಟ್ಟೆ, ಒದ್ದೆಬಟ್ಟೆಗೆ ಒಂದು ಚೀಲ, ಇಷ್ಟು ಸಾಕು.

ಹೊಟ್ಟೆ ತೀರಾ ಖಾಲಿಯೂ ಇರಬಾರದು, ತುಂಬಿಯೂ ಇರಬಾರದು. ಎರಡು ಗಂಟೆ ಮೊದಲು ಎರಡು ಇಡ್ಲಿಯಷ್ಟು ತಿಂದರೆ ಸರಿ. ಉಬ್ಬಸ, ಹೃದಯದ ತೊಂದರೆ, ಮೂರ್ಛೆ ಇರುವವರು, ಗರ್ಭಿಣಿಯರು, ಇಕ್ಕಟ್ಟಿನಲ್ಲಿ ಉಸಿರು ಕಟ್ಟುವವರು ಒಳಹೋಗಬಾರದು. ಹರಕೆ ಹೊತ್ತವರೇ ಆದರೂ ಇದೇ ಮಾತು. ಸಂತಾನಕ್ಕಾಗಿ ಹರಸಿಕೊಂಡು ಬರುವ ದಂಪತಿಗಳು ಇಲ್ಲಿ ಬಹಳ. ಫಲ ಸಿಕ್ಕ ಮೇಲೆ ಹರಕೆ ತೀರಿಸುವ ಅವಸರದಲ್ಲಿ ಹಸುಗೂಸನ್ನು ನೀರಿನ ಮೇಲೆ ಎತ್ತಿ ಹಿಡಿದು ಒಯ್ಯುವವರನ್ನು ಯಾರೂ ಮೆಚ್ಚಬಾರದು. ಒಳಗಿನ ತೇವ, ಬಾವಲಿಯ ವಾಸನೆ, ಗದ್ದಲ ಕೂಸಿಗೆ ತಕ್ಕದ್ದಲ್ಲ. ಗವಿಯ ಬಾಯಲ್ಲಿ ನಿಂತು ಆ ನೀರು ಮುಟ್ಟಿ ಕೂಸಿನ ಪಾದಕ್ಕೆ ಸವರಿದರೂ ಹರಕೆ ಸಂದಂತೆಯೇ. ಅಸುರನ ಬೇಡಿಕೆಯಲ್ಲಿ ‘ಬಂದವರು’ ಎಂದಿದೆ, ‘ಕೊನೆಯವರೆಗೂ ನಡೆದವರು’ ಎಂದಿಲ್ಲ.

ನಡೆಯುವುದಕ್ಕೂ ಒಂದು ಕ್ರಮವಿದೆ. ಎದೆಯವರೆಗೆ ಮುಳುಗಿದಾಗ ದೇಹ ಹಗುರಾಗುತ್ತದೆ, ಪಾದಕ್ಕೆ ನೆಲದ ಹಿಡಿತ ಕಡಿಮೆ. ಬಯಲಿನಲ್ಲಿ ನಡೆದಂತೆ ಕಾಲೆತ್ತಿದರೆ ಹಿಂದಿನಿಂದ ಬಂದ ಸಣ್ಣ ತಳ್ಳಾಟಕ್ಕೇ ಮುಗ್ಗರಿಸುತ್ತೀರಿ. ಪಾದ ಎತ್ತದೆ ನೆಲಕ್ಕೆ ತಾಗಿಸಿಕೊಂಡೇ ಮುಂದಕ್ಕೆ ಸರಿಸಬೇಕು, ಒಂದು ಪಾದ ಊರಿದ ಮೇಲೆಯೇ ಇನ್ನೊಂದು. ಹಿಡಿಯಲು ಆಸರೆ ಇದ್ದ ಬದಿಗೆ ವಯಸ್ಸಾದವರು. ಎತ್ತರದ, ಗಟ್ಟಿ ಆಳೊಬ್ಬ ಮುಂದೆ, ಅಂಥವನೇ ಇನ್ನೊಬ್ಬ ಕೊನೆಗೆ, ನಡುವೆ ಉಳಿದವರು. ನೀರು ಎದೆ ದಾಟುವಷ್ಟು ಕುಳ್ಳಗಿರುವ ಮಕ್ಕಳು ಹೆಗಲ ಮೇಲೆಯೇ ಇರಬೇಕು. ಹೊತ್ತವರು ಮಗುವಿನ ಎರಡೂ ಕಾಲು ಹಿಡಿದಿರಲಿ, ಮಗು ಹೊತ್ತವರ ಹಣೆ ಹಿಡಿಯಲಿ. ಕತ್ತು ಹಿಡಿದರೆ ಹೆದರಿದಾಗ ಬಿಗಿಯುತ್ತದೆ. ಚಾವಣಿ ತಗ್ಗಾದ ಕಡೆ ಬಗ್ಗುವುದನ್ನು ಮಗುವಿಗೆ ಮೊದಲೇ ಹೇಳಿಕೊಡಿ. ಬಾವಲಿಗಳು ಮೇಲೆ ತೂಗುಬಿದ್ದಿರುತ್ತವೆ, ಆಗೊಂದು ಈಗೊಂದು ಹಾರುತ್ತವೆ. ಅವು ಕಚ್ಚಲು ಬರುವುದಿಲ್ಲ. ಕಿರುಚಿದರೆ, ಬೆಳಕು ಬಿಟ್ಟರೆ ಮಾತ್ರ ಗಲಿಬಿಲಿಗೊಂಡು ಗುಂಪಾಗಿ ಏಳುತ್ತವೆ.

ಎಲ್ಲರೂ ಕೂಡಿ ಹಾಕುವ ‘ಗೋವಿಂದಾ ಗೋವಿಂದ’ ಘೋಷಕ್ಕೆ ಒಂದು ಲೌಕಿಕ ಉಪಯೋಗವೂ ಇದೆ. ನಾಮ ಹೇಳುವವನಿಗೆ ಉಸಿರು ಉದ್ದಕ್ಕೆ ಬಿಡಲೇಬೇಕಾಗುತ್ತದೆ. ಹೆದರಿದವರು ಮಾಡುವ ತಪ್ಪು ಗಿಡ್ಡ ಉಸಿರು ತೆಗೆಯುವುದು. ಅದರಿಂದ ತಲೆ ತಿರುಗುತ್ತದೆ, ಗಾಳಿ ಸಾಲದು ಎಂಬ ಭ್ರಮೆ ಇನ್ನಷ್ಟು ಬಲಿಯುತ್ತದೆ. ನಾಮಕ್ಕೆ ತಕ್ಕಂತೆ ಹೆಜ್ಜೆ ಹಾಕಿದರೆ ಸಾಲೂ ಒಂದೇ ವೇಗದಲ್ಲಿ ಸಾಗುತ್ತದೆ.

ತೊಡಕು ಬರುವುದು ಕೊನೆಯಲ್ಲಿ. ಸ್ವಾಮಿಯ ಮುಂದಿನ ಜಾಗ ಎಂಟು ಮಂದಿ ನಿಲ್ಲುವಷ್ಟು ಮಾತ್ರ. ಉಳಿದವರು ನೀರಲ್ಲೇ ಕಾಯಬೇಕು. ನಡೆಯುವಾಗ ತಿಳಿಯದ ಚಳಿ ನಿಂತಾಗ ತಿಳಿಯುತ್ತದೆ. ನೆಲದಡಿಯ ನೀರು ವರ್ಷವಿಡೀ ಹೆಚ್ಚುಕಡಿಮೆ ಒಂದೇ ಹದದಲ್ಲಿರುವುದರಿಂದ ಮೇ ತಿಂಗಳಲ್ಲಿ ತಂಪೆನಿಸಿದರೆ ಡಿಸೆಂಬರಿನ ಮುಂಜಾವಿನಲ್ಲಿ ಬೆಚ್ಚಗೆನಿಸುತ್ತದೆ. ಆದರೂ ಅಲುಗಾಡದೆ ನಿಂತ ಮೈಯಿಂದ ಶಾಖ ಎಳೆದುಕೊಳ್ಳುತ್ತಲೇ ಇರುತ್ತದೆ. ಮಗುವಿನ ತುಟಿ ನಡುಗಿ ಬಣ್ಣ ಕಪ್ಪಿಟ್ಟರೆ ಹಿಂದಿರುಗಿ, ಅಲ್ಲಿಂದಲೇ ಕೈಮುಗಿದು. ಇನ್ನೇನು ಹತ್ತು ಹೆಜ್ಜೆ ಎಂದು ಹಟ ಹಿಡಿಯುವ ಜಾಗ ಅದಲ್ಲ.

ಭಾಗವತದ ಏಳನೇ ಸ್ಕಂಧದಲ್ಲಿ ಪ್ರಹ್ಲಾದ ನರಸಿಂಹನಿಗೆ ಹೇಳುವ ಮಾತೊಂದಿದೆ. ದಾಟಲಾಗದ ಈ ಸಂಸಾರವೆಂಬ ವೈತರಣಿಗೆ ನಾನು ಅಂಜುವುದಿಲ್ಲ, ಇದರಲ್ಲಿ ಸಿಕ್ಕಿಕೊಂಡು ಭಾರ ಹೊತ್ತವರ ಚಿಂತೆ ನನಗೆ. ಈ ಬಡಪಾಯಿಗಳನ್ನು ಬಿಟ್ಟು ನಾನೊಬ್ಬನೇ ಮುಕ್ತನಾಗಲಾರೆ ಎನ್ನುತ್ತಾನೆ ಹುಡುಗ. ಗವಿಯ ಸಾಲಿನಲ್ಲಿ ಅಜ್ಜಿಯೊಬ್ಬರು ನಿಂತುಬಿಟ್ಟಾಗ ಹಿಂದಿನವರು ಗೊಣಗದೆ ಕಾದರೆ, ಗುರುತಿಲ್ಲದ ಮಗುವನ್ನು ಯಾರೋ ಎತ್ತಿಕೊಂಡು ನಾಲ್ಕು ಮಾರು ದಾಟಿಸಿದರೆ, ಆ ಪ್ರಾರ್ಥನೆಯನ್ನು ಅವರು ಓದಿರದಿದ್ದರೂ ನಡೆಸಿದಂತಾಯಿತು. ತನ್ನ ತಂದೆಗೂ ಕ್ಷಮೆ ಬೇಡಿದವನು ಪ್ರಹ್ಲಾದ. ಝರಾಸುರನೂ ಬೇಡಿದ್ದು ಮುಂದೆ ಬರುವವರಿಗಾಗಿ. ಇಲ್ಲಿಯ ದೇವರ ಮುಂದೆ ಬೇಡುವ ರೀತಿ ಇದು ಎಂದು ಹೇಳಿದರೆ ಹೆಚ್ಚಾಗದು.

ಸನ್ನಿಧಿಗೆ ಏನು ಒಯ್ಯಬೇಕು? ಏನೂ ಬೇಡ. ತೆಂಗಿನಕಾಯಿ, ಹಣ್ಣು, ಹೂವು ಹೊರಗೇ ಅರ್ಪಿಸಿ. ಕಾಯಿ ಹಿಡಿದ ಕೈ ಆಸರೆಗೆ ಸಿಗದು, ಕೊಳೆತ ಹೂವು ಹರಿದುಹೋಗಲು ಆ ನೀರಿಗೆ ಹೊಳೆಯ ರಭಸವಿಲ್ಲ. ಊದುಬತ್ತಿ, ಕರ್ಪೂರ ಹಚ್ಚಿದರೆ ಹೊಗೆ ಒಳಗೇ ನಿಲ್ಲುತ್ತದೆ. ಮೈಗೆ ಎಣ್ಣೆ ಹಚ್ಚಿಕೊಂಡು ಇಳಿದರೆ ನೀರ ಮೇಲೆ ಪದರ ಕಟ್ಟುತ್ತದೆ. ಮನೆಯಲ್ಲೋ ವಸತಿಯಲ್ಲೋ ಸ್ನಾನ ಮುಗಿಸಿಯೇ ಬನ್ನಿ. ಸೋಪು, ಶಾಂಪೂವಿನ ಮಾತೇ ಇಲ್ಲ. ಗಾಯ, ಜ್ವರ, ಚರ್ಮದ ಸೋಂಕು ಇದ್ದವರು ಇನ್ನೊಮ್ಮೆ ಬರುವುದು ಮರ್ಯಾದೆ, ಅವರಿಗೂ ಕ್ಷೇಮ. ತೀರ್ಥವೆಂದು ಗವಿಯ ನೀರನ್ನು ಬೊಗಸೆಯಲ್ಲಿ ಕುಡಿಯಬೇಡಿ. ಬಾವಲಿಯ ಹಿಕ್ಕೆಯೂ ಸಾವಿರ ಜನರ ಮೈಯೂ ಸೇರಿದ ನೀರು ಅದು. ತಲೆಗೆ ಪ್ರೋಕ್ಷಣೆ ಮಾಡಿಕೊಳ್ಳಿ. ಕುಡಿಯುವ ತೀರ್ಥ ಅರ್ಚಕರ ಕೈಯಿಂದ. ಹೊರಬಂದ ಮೇಲೆ ಶುದ್ಧ ನೀರಿನಲ್ಲಿ ಮೈ, ಕಣ್ಣು, ಕಿವಿ ತೊಳೆಯಿರಿ. ದರ್ಶನದ ಪುಣ್ಯ ತೊಳೆದುಹೋಗುತ್ತದೆ ಎನ್ನುವವರಿಗೆ ಕಿವಿಗೊಡಬೇಕಿಲ್ಲ.

ವೈಶಾಖ ಶುಕ್ಲ ಚತುರ್ದಶಿಯ ನರಸಿಂಹ ಜಯಂತಿಯಂದು ಉಪವಾಸವಿದ್ದು ಗವಿಗೂ ಹೋಗುವ ಆಸೆ ಹಲವರದು. ಅದು ಬಿರುಬೇಸಿಗೆ, ಜನಸಂದಣಿಯೂ ಹೆಚ್ಚು. ಹಗಲಿಡೀ ಉಂಡಿಲ್ಲದ ದೇಹ ಸಂಜೆಯ ನೂಕಿಗೆ ತಡೆಯದು. ಸ್ವಾಮಿ ಅವತರಿಸಿದ್ದು ಹಗಲೂ ಅಲ್ಲದ ರಾತ್ರಿಯೂ ಅಲ್ಲದ ಮುಸ್ಸಂಜೆಯಲ್ಲಿ; ಹಾಗಾಗಿ ಪೂಜೆ ಸಂಜೆಗೆ, ಪಾರಣೆ ಮರುದಿನ. ಗವಿದರ್ಶನವನ್ನು ಹಿಂದಿನ ದಿನವೋ ಮರುವಾರವೋ ಇಟ್ಟುಕೊಂಡು ಜಯಂತಿಯ ಸಂಜೆಯನ್ನು ಮನೆಯ ಪೂಜೆಗೆ ಬಿಡುವುದು ಜಾಣತನ. ಸ್ವಾತಿ ನಕ್ಷತ್ರದ ದಿನ ಪ್ರತಿ ತಿಂಗಳೂ ಬರುತ್ತದೆ, ಅದೂ ನರಸಿಂಹನಿಗೆ ಪ್ರಿಯ.

ಹೊರಬಂದವರಿಗೆ ಹಸಿವು ಜೋರು. ಗುರುನಾನಕ್ ಝೀರಾ ಇದೇ ಊರಿನಲ್ಲಿದೆ. ನಾನಕರು ಕಲ್ಲು ಸರಿಸಿದಲ್ಲಿ ನೀರು ಚಿಮ್ಮಿತೆಂಬ ಪ್ರತೀತಿಯ ಗುರುದ್ವಾರ, ಲಂಗರಿನಲ್ಲಿ ಯಾರಿಗೂ ಊಟವಿಲ್ಲ ಎನ್ನುವುದಿಲ್ಲ. ತಲೆಗೆ ಒಣ ವಸ್ತ್ರ ಸುತ್ತಿಕೊಳ್ಳಬೇಕು, ಚೀಲದಲ್ಲಿ ಒಂದು ಹೆಚ್ಚಿಗೆ ಇರಲಿ.

ಜಯಂತಿಯ ಸಂಜೆ ಮನೆಯ ನೈವೇದ್ಯಕ್ಕೆ ಪಾನಕ: ಒಂದು ಲೀಟರ್ ನೀರಿಗೆ 150 ಗ್ರಾಂ ಬೆಲ್ಲ, ಅರ್ಧ ಚಮಚ ಒಣಶುಂಠಿ ಪುಡಿ, ಎಂಟು ಹತ್ತು ಕಾಳುಮೆಣಸು, ನಾಲ್ಕು ಏಲಕ್ಕಿ, ಒಂದು ನಿಂಬೆಹಣ್ಣು. ಬೆಲ್ಲದಲ್ಲಿ ಮರಳು ಇದ್ದೇ ಇರುತ್ತದೆ, ಕರಗಿಸಿ ಬಟ್ಟೆಯಲ್ಲಿ ಸೋಸಿ. ಮೆಣಸು ಜಜ್ಜಿದರೆ ಸಾಕು, ನುಣ್ಣಗೆ ಪುಡಿ ಮಾಡಿದರೆ ಗಂಟಲು ಹಿಡಿಯುತ್ತದೆ. ಕಲಾಯಿ ಇಲ್ಲದ ಹಿತ್ತಾಳೆ ಪಾತ್ರೆಯಲ್ಲಿ ನಿಂಬೆ ಹಿಂಡಬೇಡಿ, ಕಿಲುಬು ಬಿಡುತ್ತದೆ. ತುಳಸಿದಳ ಕೊನೆಗೆ.