ಚರಗಿ ನೀರು

ರಾತ್ರಿ ಅಂಗಳದಾಗ ಮಲಗಿದ್ದೆ. ರಸ್ತಾದಾಗ ಲಾರಿ ಹೋತು, ಹೊರಸಿನ ಬಾಜೂಕ ಇಟ್ಟ ಚರಗಿ ನೀರು ನಡುಗಿತು. ಉಂಗುರ ಉಂಗುರ, ಭಾಳ ಸಣ್ಣ ಅಲೆ. ಅದನ್ನೇ ನೋಡ್ಕೋತ ಕುಂತೆ.

ದೊಡ್ಡ ಚಿಕ್ಕಿ ಕುಸಿದ್ರ ಬೆಳಕನ್ನೂ ಹೊರಗ ಬಿಡದ ಕಪ್ಪುಕುಳಿ ಆಗ್ತದ. ಅಂಥ ಎರಡು ಡಿಕ್ಕಿಯಾಗಿ ಒಂದಾದವು, ಸುಮಾರು 3 ಸೂರ್ಯನಷ್ಟು ತೂಕ ಬರೇ ಗುರುತ್ವದ ಅಲೆಯಾಗಿ, ಅಂದ್ರ ಜಾಗಾನೇ ನಡುಗಿಸೋ ಅಲೆಯಾಗಿ ಹೋತು. 130 ಕೋಟಿ ವರ್ಷ ಹಾದಿ ಸವೆಸಿ 2015ರ ಸೆಪ್ಟೆಂಬರ್ 14ಕ್ಕ ಭೂಮಿ ಮುಟ್ಟಿತು. ಇಂಥ ಅಲೆ ಹಿಡಿಯೋ ಅಮೆರಿಕದ ಲೈಗೋ ಯಂತ್ರದ 4 ಕಿಲೋಮೀಟರ್ ತೋಳು ನಡುಗಿದ್ದು ಪ್ರೋಟಾನಿಗಿಂತ ನೂರಾರು ಪಟ್ಟು ಸಣ್ಣ ಅಳತಿ!

ಅಂಥಾದೇ ಒಂದು ಯಂತ್ರ ನಮ್ಮ ಬೀದರಿನ ಆಚೆ, ಮಹಾರಾಷ್ಟ್ರದ ಹಿಂಗೋಲಿ ಜಿಲ್ಲಾದಾಗ ಬರ್ಲಿಕತ್ತದ. 2023ರಾಗ ಕೇಂದ್ರ ಒಪ್ಪಿಗಿ ಕೊಟ್ಟದ. ನನಗಂತೂ ಹಿಗ್ಗೋ ಹಿಗ್ಗು.

ಅವ್ವಗ ಹೇಳ್ದೆ. "ಅಷ್ಟು ದೂರದ್ದು ಇಲ್ಲಿ ತನಕ ಬರ್ತದೇನಪಾ?" ಅಂದ್ಳು.

ಚರಗಿ ನೀರು ಅಷ್ಟೊತ್ತಿಗೆ ನಿಂತಿತ್ತು.